ಮುಚ್ಚುವ ಹೊತ್ತಿನ ರೇಸ್: ನೆಟ್‌ವರ್ಕ್ ಡ್ರೈವರ್ ದುರಸ್ತಿಯ ಇತಿಹಾಸ

ನೆಟ್‌ವರ್ಕ್ ಕಾರ್ಡ್ ಮತ್ತು ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಒಂದಕ್ಕೊಂದು ವ್ಯವಹರಿಸುವುದು ಡ್ರೈವರ್ ಎಂಬ ತಂತ್ರಾಂಶದ ಮೂಲಕ. ಒಂದೇ ಡ್ರೈವರಿನೊಳಗೆ ಏಕಕಾಲಕ್ಕೆ ಹಲವು ಕೆಲಸಗಳು ನಡೆಯುತ್ತಿರುತ್ತವೆ. ಪ್ಯಾಕೆಟ್ ಬಂತೆಂದು ಕಾರ್ಡ್ ಇಂಟರಪ್ಟ್ ಕೊಡುತ್ತದೆ. ಹೊರಗೆ ಹೋಗಬೇಕಾದ ಪ್ಯಾಕೆಟ್‌ಗಳನ್ನು ಇನ್ನೊಂದು ಪ್ರೊಸೆಸರ್ ಸರತಿಗೆ ಹಾಕುತ್ತಿರುತ್ತದೆ. ಕೇಬಲ್ ಇದೆಯೋ ಇಲ್ಲವೋ ಎಂದು ಟೈಮರ್ ಒಂದು ಆಗಾಗ ನೋಡುತ್ತದೆ. ಆ ಕ್ಷಣಕ್ಕೆ ಮಾಡಲಾಗದ ಕೆಲಸವನ್ನು ಆಮೇಲೆ ಮಾಡಲು ವರ್ಕ್ ಕ್ಯೂ ಇರುತ್ತದೆ. ಇದರ ಮಧ್ಯೆ ಬಳಕೆದಾರ ಕನೆಕ್ಷನ್ ಬಂದ್ ಮಾಡಬಹುದು. ಸಾಲದೆಂಬಂತೆ ಕಾರ್ಡ್ ತಾನೇ, ಪ್ರೊಸೆಸರನ್ನು ಕೇಳದೆ, ಡಿಎಂಎ ವಿಧಾನದಿಂದ ಮೆಮೊರಿಗೆ ನೇರವಾಗಿ ಬರೆಯುತ್ತದೆ. ಇವರೆಲ್ಲ ಮುಟ್ಟುವುದು ಒಂದೇ ಮೆಮೊರಿಯನ್ನು. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಎಂಬುದರ ಮೇಲೆ ಫಲಿತಾಂಶ ಬದಲಾಗುವುದಾದರೆ ಅದು ರೇಸ್ ಕಂಡೀಷನ್. ಬೆಂಗಳೂರಿನ ಎಂಜಿನಿಯರುಗಳ ಬಾಯಲ್ಲಿ ಬರೀ ‘ರೇಸ್’.

ಎಲ್ಲ ರೇಸ್‌ಗಳೂ ಅಪಾಯಕಾರಿಯಲ್ಲ. ಎಷ್ಟು ಪ್ಯಾಕೆಟ್ ಹೋಯಿತೆಂಬ ಲೆಕ್ಕ ಒಂದೆರಡು ತಪ್ಪಿದರೆ ಯಾರ ಮನೆಯೂ ಮುಳುಗುವುದಿಲ್ಲ. ಕೆಟ್ಟದ್ದು ಮೆಮೊರಿಯ ಸುರಕ್ಷತೆಯನ್ನೇ ಕೆಡಿಸುವ ರೇಸ್. ಅಲ್ಲಿ ಒಬ್ಬರು ಮೆಮೊರಿಯ ತುಂಡೊಂದನ್ನು ಬಿಟ್ಟುಕೊಟ್ಟ ಮೇಲೂ ಇನ್ನೊಬ್ಬರ ಹತ್ತಿರ ಅದರ ವಿಳಾಸ ಉಳಿದಿರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಶರಾವತಿಯ ಹಿನ್ನೀರಿಗೆ ಸೇರಿದ ಮೇಲೆ ಹಳೆಯ ವಿಳಾಸಕ್ಕೆ ಕಾಗದ ಬರೆದರೆ ಏನಾಗುತ್ತದೋ ಇಲ್ಲಿ ಆಗುವುದೂ ಅದೇ: ವಿಳಾಸ ಸರಿಯಾಗಿದೆ, ಊರು ಇಲ್ಲ. ಕಂಪ್ಯೂಟರಿನಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ, ಏಕೆಂದರೆ ಆ ಜಾಗವನ್ನು ಕರ್ನಲ್ ಅಷ್ಟರಲ್ಲಿ ಮತ್ತೊಬ್ಬರಿಗೆ ಕೊಟ್ಟಿರಬಹುದು. ಹಳೆಯ ವಿಳಾಸ ಹಿಡಿದು ಬರೆದವನು ಅವರ ದತ್ತಾಂಶವನ್ನು ಕೆಡಿಸುತ್ತಾನೆ. ದಾಳಿಕೋರ ಬುದ್ಧಿವಂತನಾದರೆ ಆ ಜಾಗದಲ್ಲಿ ತನಗೆ ಬೇಕಾದ್ದನ್ನು ಮೊದಲೇ ತಂದಿಟ್ಟು ಇಡೀ ಯಂತ್ರವನ್ನು ವಶಪಡಿಸಿಕೊಳ್ಳುತ್ತಾನೆ. ಈ ದೋಷಕ್ಕೆ ‘ಯೂಸ್ ಆಫ್ಟರ್ ಫ್ರೀ’ ಎನ್ನುತ್ತಾರೆ. ಒಂದೇ ತುಂಡನ್ನು ಇಬ್ಬರು ಬಿಟ್ಟುಕೊಟ್ಟರೆ ‘ಡಬಲ್ ಫ್ರೀ’.

ಮೂವತ್ತು ವರ್ಷಗಳ ದುರಸ್ತಿಯ ದಾಖಲೆಗಳನ್ನು ಹಿಂದಕ್ಕೆ ತಿರುವಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಡ್ರೈವರ್ ಓಡುತ್ತಿರುವಾಗಿನ ರೇಸ್‌ಗಳು ಬೇಗ ಸಿಗುತ್ತವೆ, ಏಕೆಂದರೆ ಆ ಹಾದಿಯಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಪ್ಯಾಕೆಟ್‌ಗಳು ಓಡಾಡುತ್ತವೆ. ಹತ್ತು ಹದಿನೈದು ವರ್ಷ ಅಡಗಿ ಕೂತವುಗಳಲ್ಲಿ ಬಹಳಷ್ಟು ಡ್ರೈವರನ್ನು ನಿಲ್ಲಿಸುವ ಹಾದಿಯಲ್ಲಿದ್ದವು. ಸರ್ವರ್ ಕೋಣೆಯ ಕಾರ್ಡನ್ನು ವರ್ಷಕ್ಕೊಮ್ಮೆಯೂ ಯಾರೂ ಕೀಳುವುದಿಲ್ಲ, ಹಾಗಾಗಿ ನಿಲ್ಲಿಸುವ ಕೋಡ್ ಅಲ್ಲಿ ಓಡುವುದೇ ಇಲ್ಲ ಎಂದರೂ ನಡೆಯುತ್ತದೆ.

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಆ ನಿಲ್ಲಿಸುವ ಕೋಡ್ ದಿನವೂ ಓಡುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಅದರೊಂದಿಗೆ ಪೈಪೋಟಿಗಿದೆ. ಮರ ಬಿದ್ದು ಕರೆಂಟ್ ಹೋಗುತ್ತದೆ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಬ್ಯಾಟರಿ ಇಳಿದು ಟವರ್ ಸತ್ತುಹೋಗುತ್ತದೆ. ಮುಂಗಾರಿಗೆ ಮೊದಲಿನ ಗುಡುಗು ಶುರುವಾಯಿತೆಂದರೆ ಮನೆಯವರು ಮೊದಲು ಮಾಡುವ ಕೆಲಸ ಟೆಲಿಫೋನ್ ವೈರು, ರೂಟರಿನ ಅಡಾಪ್ಟರ್, ಲ್ಯಾನ್ ಕೇಬಲ್ ಎಲ್ಲವನ್ನೂ ಕಿತ್ತಿಡುವುದು. ಸಿಡಿಲಿಗೆ ಮೋಡೆಮ್ ಸುಟ್ಟುಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹೊಳವಾದ ಮೇಲೆ ಮತ್ತೆ ಎಲ್ಲ ಸಿಕ್ಕಿಸುತ್ತಾರೆ. ಮೊಬೈಲ್ ಇಂಟರ್ನೆಟ್ ಕೊಡುವ ಡಾಂಗಲ್‌ನ ಕಾಲದಲ್ಲಿ ಉದ್ದನೆಯ ಯುಎಸ್‌ಬಿ ವೈರಿನ ತುದಿಗೆ ಅದನ್ನು ಸಿಕ್ಕಿಸಿ ಕಿಟಕಿಗೋ ಮಾಡಿನ ಅಂಚಿಗೋ ಕಟ್ಟುವುದು, ಸಿಗ್ನಲ್ ಸಿಗದಿದ್ದರೆ ಕಿತ್ತು ಮತ್ತೆ ಸಿಕ್ಕಿಸುವುದು ರೂಢಿಯಾಗಿತ್ತು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ನೌಕರರು ಊರಿಗೆ ಬಂದು ಕೂತಾಗ, ವಿದ್ಯಾರ್ಥಿಗಳು ಆನ್‌ಲೈನ್ ತರಗತಿಗೆಂದು ಗುಡ್ಡ ಹತ್ತಿದಾಗ ಈ ಸಿಗ್ನಲ್ ಕೊರತೆ ಪತ್ರಿಕೆಗಳಿಗೂ ಬಂತು. ಮುಂದೆ ಮಲೆನಾಡಿನ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಅಭಿಯಾನವೂ ನಡೆಯಿತು. ಹೀಗೆ ಡಾಂಗಲ್ ಕಿತ್ತು ಸಿಕ್ಕಿಸಿದಾಗಲೆಲ್ಲ ಲ್ಯಾಪ್‌ಟಾಪಿನೊಳಗೆ ಒಂದು ಡ್ರೈವರ್ ಮುಚ್ಚಿ ತೆರೆಯುತ್ತದೆ.

ಲಿನಕ್ಸ್ ಕರ್ನಲ್‌ನ ಕತೆಯಿಂದ ಈ ಇತಿಹಾಸವನ್ನು ಹೇಳುವುದು ಸುಲಭ, ಏಕೆಂದರೆ ಅದರ ಪ್ರತಿಯೊಂದು ತಿದ್ದುಪಡಿಯೂ ಬಹಿರಂಗವಾಗಿದೆ. ಆಂಡ್ರಾಯ್ಡ್ ಫೋನ್ ಎಲ್ಲದರಲ್ಲೂ, ರೂಟರ್, ಸರ್ವರುಗಳಲ್ಲಿ ಬಹಳಷ್ಟರಲ್ಲೂ ಓಡುವುದು ಅದೇ. 1994ರ ಮಾರ್ಚಿನಲ್ಲಿ 1.0 ಆವೃತ್ತಿ ಬಂದಾಗ ಅದು ಬಳಸುತ್ತಿದ್ದದ್ದು ಒಂದೇ ಪ್ರೊಸೆಸರ್. ಆ ಕಾಲದ ಈಥರ್ನೆಟ್ ಡ್ರೈವರುಗಳಲ್ಲಿ ಬಹುಪಾಲು ಬರೆದವರು ನಾಸಾದ ಗೊಡಾರ್ಡ್ ಕೇಂದ್ರದಲ್ಲಿದ್ದ ಡೊನಾಲ್ಡ್ ಬೆಕರ್. ಇಂಟರಪ್ಟ್ ಹ್ಯಾಂಡ್ಲರ್ ಮಧ್ಯೆ ಬಂದು ಕೆಡಿಸದಂತೆ ಸೂಕ್ಷ್ಮವಾದ ನಾಲ್ಕು ಸಾಲುಗಳ ಹಿಂದೆಮುಂದೆ ಇಂಟರಪ್ಟ್ ಮುಚ್ಚಿ ತೆರೆದರೆ ಕೆಲಸ ಮುಗಿಯುತ್ತಿತ್ತು. ಕಾರ್ಡ್ ಬಿಡುವಾಗಿಲ್ಲ ಎಂದು ಸೂಚಿಸಲು ‘ಟಿಬಿಸಿ’ (tbusy) ಎಂಬ ಒಂದು ಬಿಟ್ ಇತ್ತು. ಡ್ರೈವರೂ ಕರ್ನಲ್ಲೂ ಅದನ್ನೇ ನೋಡಿಕೊಂಡು ಬದುಕುತ್ತಿದ್ದವು.

1996ರ ಜೂನ್‌ನ 2.0 ಆವೃತ್ತಿ ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇರುವ ಯಂತ್ರಗಳಿಗೆ ಬಾಗಿಲು ತೆರೆಯಿತು. ಒಂದು ಪ್ರೊಸೆಸರಿನ ಇಂಟರಪ್ಟ್ ಮುಚ್ಚಿದರೆ ಇನ್ನೊಂದು ನಿಲ್ಲುವುದಿಲ್ಲವಲ್ಲ! ಅದಕ್ಕೆ ಸಿಕ್ಕ ಮೊದಲ ಪರಿಹಾರ ಒರಟಾದದ್ದು: ಇಡೀ ಕರ್ನಲ್ಲಿಗೆ ಒಂದೇ ಬೀಗ, ‘ಬಿಗ್ ಕರ್ನಲ್ ಲಾಕ್’. ಯಾರಾದರೂ ಒಬ್ಬರು ಒಳಗಿದ್ದರೆ ಉಳಿದವರು ಹೊರಗೆ. ಅದರಿಂದ ಕೋಡ್ ಬಚಾವಾಯಿತು, ವೇಗ ಸತ್ತಿತು. ಆ ಬೀಗವನ್ನು ಒಂದೊಂದೇ ಕೋಣೆಯಿಂದ ತೆಗೆಯುತ್ತ ಬಂದು, ಪೂರ್ತಿ ಕಿತ್ತುಹಾಕಿದ್ದು 2011ರ ಮೇ ತಿಂಗಳ 2.6.39ರಲ್ಲಿ. ಹದಿನೈದು ವರ್ಷ ಹಿಡಿಯಿತು.

ನೆಟ್‌ವರ್ಕ್ ಭಾಗ ಆ ಬೀಗದಿಂದ ಬೇಗ ಬಿಡಿಸಿಕೊಂಡಿತು, ಅದರ ಬೆಲೆಯನ್ನೂ ಬೇಗ ತೆತ್ತಿತು. 2001ರ ಜನವರಿಯಲ್ಲಿ ಬಂದ 2.4ರಲ್ಲಿ ಪ್ಯಾಕೆಟ್ ಸಾಗಿಸುವ ಕೋಡನ್ನು ಪೂರ್ತಿ ಹೊಸದಾಗಿ ಬರೆದು, ಹಲವು ಪ್ರೊಸೆಸರುಗಳು ಒಟ್ಟಿಗೇ ದುಡಿಯುವಂತೆ ಮಾಡಲಾಗಿತ್ತು. ‘ಟಿಬಿಸಿ’ ಬಿಟ್ ಹೋಯಿತು, ಡ್ರೈವರುಗಳೆಲ್ಲವನ್ನೂ ತಿದ್ದಬೇಕಾಯಿತು. ಅದೇ ವರ್ಷ ಜಮಾಲ್ ಹಾದಿ ಸಲೀಂ, ರಾಬರ್ಟ್ ಓಲ್ಸನ್, ಅಲೆಕ್ಸಿ ಕುಜ್ನೆತ್ಸೋವ್ ಮುಂದಿಟ್ಟ ‘ನಾಪಿ’ ವಿಧಾನ ಇನ್ನೊಂದು ಹೆಜ್ಜೆ. ಪ್ಯಾಕೆಟ್‌ಗಳ ಪ್ರವಾಹ ಬಂದಾಗ ಪ್ರತಿಯೊಂದಕ್ಕೂ ಇಂಟರಪ್ಟ್ ತೆಗೆದುಕೊಂಡರೆ ಪ್ರೊಸೆಸರ್ ಬೇರೇನೂ ಮಾಡಲಾಗದೆ ಮುಳುಗಿಹೋಗುತ್ತದೆ. ಆದ್ದರಿಂದ ಮೊದಲ ಪ್ಯಾಕೆಟಿಗೆ ಇಂಟರಪ್ಟ್ ತೆಗೆದುಕೊಂಡು ಆಮೇಲೆ ಅದನ್ನು ಮುಚ್ಚಿ, ಕರ್ನಲ್ ತಾನೇ ಹೋಗಿ ಕಾರ್ಡನ್ನು ವಿಚಾರಿಸುತ್ತದೆ. ಇದು ಬಹಳ ಒಳ್ಳೆಯ ಕಲ್ಪನೆ, ಇವತ್ತಿಗೂ ಬಹಳಷ್ಟು ಡ್ರೈವರುಗಳಲ್ಲಿ ಇದೆ. ಆದರೆ ಡ್ರೈವರಿನ ಮೆಮೊರಿಯನ್ನು ಮುಟ್ಟುವವರ ಪಟ್ಟಿಗೆ ಇನ್ನೊಬ್ಬರು ಸೇರಿದರು. ಕಾರ್ಡ್ ನಿಲ್ಲಿಸುವಾಗ ಈ ವಿಚಾರಣೆ ಎಲ್ಲೋ ಒಂದು ಪ್ರೊಸೆಸರಿನಲ್ಲಿ ಇನ್ನೂ ನಡೆಯುತ್ತಿದ್ದರೆ? ಅದು ಮುಗಿಯುವವರೆಗೆ ಕಾಯಲು ಪ್ರತ್ಯೇಕ ಕರೆಯೊಂದು ಬೇಕಾಯಿತು. ಅದನ್ನು ಮರೆತ ಡ್ರೈವರುಗಳನ್ನು ತಿದ್ದುವ ಪ್ಯಾಚುಗಳು ಇಪ್ಪತ್ತು ವರ್ಷ ಕಳೆದರೂ ಬರುತ್ತಲೇ ಇವೆ.

ಇಲ್ಲಿಂದ ಮುಂದೆ ಕತೆಯಲ್ಲಿ ಬೆಂಗಳೂರು ಬರುತ್ತದೆ. ಸೀಕ್ವೆಂಟ್ ಎಂಬ ಅಮೆರಿಕದ ಕಂಪನಿ ತನ್ನ ಯೂನಿಕ್ಸ್‌ನಲ್ಲಿ 1990ರ ದಶಕದಲ್ಲೇ ಓದುವವರಿಗೆ ಬೀಗವೇ ಬೇಡದ ಬೇರೊಂದು ದಾರಿ ಕಂಡುಕೊಂಡಿತ್ತು. ಅದರ ಹಿಂದೆ ಇದ್ದವರು ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್. 1999ರಲ್ಲಿ ಐಬಿಎಂ ಆ ಕಂಪನಿಯನ್ನು ಕೊಂಡಿತು. ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ಒಂದು ತಂಡ ಬೆಂಗಳೂರಿನಲ್ಲಿತ್ತು. 2001ರ ಒಟ್ಟಾವಾ ಲಿನಕ್ಸ್ ಸಮಾವೇಶದಲ್ಲಿ ಈ ವಿಧಾನವನ್ನು ಲಿನಕ್ಸಿಗೆ ತರುವ ಬಗ್ಗೆ ಮಂಡನೆಯಾದ ಪ್ರಬಂಧದ ಲೇಖಕರಲ್ಲಿ ಮೆಕೆನ್ನಿಯ ಜೊತೆಗೆ ಬೆಂಗಳೂರಿನ ದೀಪಂಕರ್ ಸರ್ಮಾ, ಮನೀಶ್ ಸೋನಿ ಇದ್ದಾರೆ. 2002ರ ಅಕ್ಟೋಬರಿನಲ್ಲಿ 2.5.43ರ ಮೂಲಕ ‘ರೀಡ್ ಕಾಪಿ ಅಪ್‌ಡೇಟ್’, ಅಂದರೆ ಆರ್‌ಸಿಯು, ಲಿನಕ್ಸಿಗೆ ಸೇರಿದ್ದು ದೀಪಂಕರ್ ಸರ್ಮಾ ಅವರ ಪ್ಯಾಚಿನಿಂದ. ಮರುವರ್ಷ ಎಸ್‌ಸಿಓ ಕಂಪನಿ ಐಬಿಎಂ ಮೇಲೆ ಹೂಡಿದ ಪ್ರಸಿದ್ಧ ಮೊಕದ್ದಮೆಯಲ್ಲಿ ತಕರಾರಿಗೆ ಒಳಗಾದ ತಂತ್ರಗಳಲ್ಲಿ ಇದೂ ಒಂದಾಗಿತ್ತು. ಕೋರ್ಟಿಗೆ ಹೋಗುವಷ್ಟು ಬೆಲೆ ಅದಕ್ಕಿತ್ತು ಎನ್ನಬೇಕು.

ಆರ್‌ಸಿಯು ಕೆಲಸ ಮಾಡುವ ಬಗೆ ಹೀಗೆ. ಒಂದು ದತ್ತಾಂಶವನ್ನು ಓದುವವರು ಸಾವಿರ, ಬದಲಿಸುವವರು ಅಪರೂಪ ಎಂದಿಟ್ಟುಕೊಳ್ಳೋಣ. ರೂಟಿಂಗ್ ಕೋಷ್ಟಕ, ನೆಟ್‌ವರ್ಕ್ ಸಾಧನಗಳ ಪಟ್ಟಿ ಎಲ್ಲ ಇಂಥವೇ. ಓದುವವರು ಬೀಗ ಹಾಕುವುದಿಲ್ಲ, ಓದುತ್ತಿದ್ದೇನೆ ಎಂದಷ್ಟೇ ಗುರುತು ಮಾಡುತ್ತಾರೆ. ತೆಗೆಯಬೇಕಾದವನು ಆ ದತ್ತಾಂಶವನ್ನು ಪಟ್ಟಿಯಿಂದ ಮೊದಲು ಬಿಡಿಸುತ್ತಾನೆ, ಹಾಗಾಗಿ ಹೊಸದಾಗಿ ಬರುವವರಿಗೆ ಅದು ಸಿಗುವುದಿಲ್ಲ. ಆದರೆ ಮೆಮೊರಿಯನ್ನು ಕೂಡಲೇ ಬಿಟ್ಟುಕೊಡುವುದಿಲ್ಲ. ಬಿಡಿಸುವ ಮೊದಲೇ ಒಳಗೆ ಹೊಕ್ಕಿದ್ದ ಓದುಗರೆಲ್ಲ ಹೊರಬಂದರೆಂದು ಖಾತ್ರಿಯಾಗುವ ತನಕ ಒಂದು ಅವಧಿ ಕಾಯುತ್ತಾನೆ. ಆಮೇಲೆ ಬಿಟ್ಟುಕೊಡುತ್ತಾನೆ. ಯೂಸ್ ಆಫ್ಟರ್ ಫ್ರೀ ಎಂಬ ರೋಗಕ್ಕೆ ಇದಕ್ಕಿಂತ ನೇರವಾದ ಔಷಧ ಅದುವರೆಗೆ ಕರ್ನಲ್ಲಿನಲ್ಲಿ ಇರಲಿಲ್ಲ. ಇವತ್ತು ಯಾವುದೇ ನೆಟ್‌ವರ್ಕ್ ಸಾಧನವನ್ನು ತೆಗೆದುಹಾಕುವಾಗ ಈ ಕಾಯುವಿಕೆ ನಡೆಯುತ್ತದೆ. ಡಾಂಗಲ್ ಕಿತ್ತ ಕ್ಷಣಕ್ಕೂ ಅದರ ಮೆಮೊರಿ ಮರಳಿ ಕರ್ನಲ್ ಕೈಸೇರುವ ಕ್ಷಣಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ತಡ ಇರುತ್ತದೆ.

ಆರ್‌ಸಿಯು ಒಂದೇ ಸಾಲದು. ಹೆಚ್ಚು ಹೊತ್ತು ಹಿಡಿದುಕೊಳ್ಳುವವರು ಸಾಧನದ ಮೇಲೆ ಎಣಿಕೆ ಏರಿಸುತ್ತಾರೆ, ಬಿಡುವಾಗ ಇಳಿಸುತ್ತಾರೆ. ಸೊನ್ನೆಗೆ ಬಂದರೆ ಮಾತ್ರ ಸಾಧನ ತೆರವಾಗುತ್ತದೆ. ಯಾರಾದರೂ ಇಳಿಸುವುದನ್ನು ಮರೆತರೆ ಲಿನಕ್ಸ್ ಹತ್ತು ಸೆಕೆಂಡಿಗೊಮ್ಮೆ ಪರದೆಯ ಮೇಲೆ ಒಂದೇ ದೂರು ಹೇಳುತ್ತದೆ: ಇಂಥ ಸಾಧನ ಬಿಡುವಾಗಲೆಂದು ಕಾಯುತ್ತಿದ್ದೇನೆ, ಬಳಕೆಯ ಎಣಿಕೆ 1. ನೆಟ್‌ವರ್ಕ್ ಕೋಡ್ ಮುಟ್ಟಿದವರಲ್ಲಿ ಈ ಸಾಲನ್ನು ನೋಡದವರಿಲ್ಲ. ಇದು ಕಿರಿಕಿರಿ, ಆದರೆ ಸುರಕ್ಷಿತ ಕಿರಿಕಿರಿ. ಎಣಿಕೆಯನ್ನು ಒಂದು ಸಲ ಹೆಚ್ಚಾಗಿ ಇಳಿಸಿದರೆ ಮಾತ್ರ ಅಪಾಯ. ಅದನ್ನು ಹಿಡಿದು ಎಚ್ಚರಿಸುವ ಹೊಸ ಬಗೆಯ ಎಣಿಕೆ 2017ರಲ್ಲಿ ಕರ್ನಲ್ಲಿಗೆ ಬಂತು.

ಆ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕರ್ನಲ್ ಕೆಲಸದ ಸುತ್ತ ಒಂದು ಸಮುದಾಯವೂ ಬೆಳೆಯಿತು. ‘ಲಿನಕ್ಸ್ ಬೆಂಗಳೂರು’ ಎಂಬ ವಾರ್ಷಿಕ ಸಮಾವೇಶ 2001ರಲ್ಲಿ ಶುರುವಾಯಿತು, 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ ನಡೆಯಿತು. ಲಿನಕ್ಸ್ ಫೈರ್‌ವಾಲ್ ಕೋಡಿನ ಮುಖ್ಯರಲ್ಲೊಬ್ಬರಾದ ಹೆರಾಲ್ಡ್ ವೆಲ್ಟೆ ಅಂಥವರು ಅಲ್ಲಿಗೆ ಹಲವು ಸಲ ಬಂದು ಮಾತಾಡಿದ್ದಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದಿತ್ತು. ಇಂಟೆಲ್, ಬ್ರಾಡ್‌ಕಾಮ್ ಮುಂತಾದ ಚಿಪ್ ಕಂಪನಿಗಳ ಡ್ರೈವರ್ ತಂಡಗಳೂ ಇಲ್ಲಿ ನೆಲೆಯೂರಿದವು. ಪ್ಯಾಚುಗಳ ಕೊನೆಯ ಸಹಿಗಳಲ್ಲಿ ದಕ್ಷಿಣ ಭಾರತದ ಹೆಸರುಗಳು ಇವತ್ತು ಯಾರಿಗೂ ಅಚ್ಚರಿ ಹುಟ್ಟಿಸುವುದಿಲ್ಲ.

ಲಿನಕ್ಸ್ ಜನ ಕೋಡ್ ಬರೆದು, ಕೆಟ್ಟಾಗ ತಿದ್ದುವ ದಾರಿಯಲ್ಲಿದ್ದಾಗ ವಿಂಡೋಸ್ ಕಡೆಯವರು ಗಣಿತದ ದಾರಿ ಹಿಡಿದರು. ವಿಂಡೋಸಿನ ನೀಲಿ ಪರದೆಗೆ ಬಹುಮಟ್ಟಿಗೆ ಕಾರಣ ಹೊರಗಿನ ಕಂಪನಿಗಳು ಬರೆದ ಡ್ರೈವರುಗಳು. ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಕಟ್ಟಿದ ‘ಸ್ಲಾಮ್’ ಎಂಬ ಸಾಧನ, ಡ್ರೈವರಿನ ಕೋಡನ್ನು ಓಡಿಸದೆಯೇ ಓದಿ, ಹಾಕಿದ ಬೀಗವನ್ನು ತೆಗೆದಿದೆಯೇ, ಒಂದೇ ಬೀಗವನ್ನು ಎರಡು ಸಲ ಹಾಕಿದೆಯೇ ಎಂಬಂಥ ನಿಯಮಗಳನ್ನು ಪರೀಕ್ಷಿಸುತ್ತಿತ್ತು. ಅದರ ಮೇಲೆ ಕಟ್ಟಿದ ‘ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್’ ಡ್ರೈವರ್ ಬರೆಯುವವರ ಕಿಟ್‌ನಲ್ಲೇ ಸೇರಿ ಹೋಯಿತು. ಮೈಕ್ರೋಸಾಫ್ಟ್ ರಿಸರ್ಚ್ 2005ರಲ್ಲಿ ಬೆಂಗಳೂರಿನಲ್ಲಿ ಪ್ರಯೋಗಾಲಯ ತೆರೆದ ಮೇಲೆ ರಾಜಮಣಿ ಇಲ್ಲಿಗೆ ಬಂದರು. ಆದಿತ್ಯ ನೋರಿ ಮತ್ತಿತರರೊಂದಿಗೆ ಇಲ್ಲಿ ರೂಪುಗೊಂಡ ‘ಯೋಗಿ’ ಅದೇ ವೆರಿಫೈಯರಿನ ಭಾಗವಾಯಿತು. ಸ್ಲಾಮ್‌ಗಾಗಿ ಬಾಲ್ ಮತ್ತು ರಾಜಮಣಿ ಇಬ್ಬರಿಗೂ 2011ರ ‘ಕಂಪ್ಯೂಟರ್ ಏಡೆಡ್ ವೆರಿಫಿಕೇಶನ್’ (ಸಿಎವಿ) ಪ್ರಶಸ್ತಿ ಬಂತು.

ಆದರೆ ಸ್ಲಾಮ್ ನೋಡುತ್ತಿದ್ದದ್ದು ಒಂದು ಹೊತ್ತಿಗೆ ಒಂದೇ ದಾರಿಯನ್ನು. ಇಬ್ಬರು ಒಟ್ಟಿಗೆ ಓಡಿದರೆ ಏನಾಗುತ್ತದೆ ಎಂಬುದು ಅದರ ಲೆಕ್ಕದಲ್ಲಿರಲಿಲ್ಲ. ಆ ಕೊರತೆಗೆ ಶಾಜ್ ಖದೀರ್ ಮತ್ತು ಡಿಂಗ್ಹಾವ್ ವೂ 2004ರಲ್ಲಿ ಒಂದು ಚಮತ್ಕಾರದ ಉಪಾಯ ಕೊಟ್ಟರು: ಇಬ್ಬರ ಓಟವನ್ನು ಒಬ್ಬನೇ ಓಡಿದಂತೆ ಕಾಣುವ ಪ್ರೋಗ್ರಾಮಾಗಿ ಮಾರ್ಪಡಿಸಿ ಸ್ಲಾಮ್‌ಗೇ ಕೊಡುವುದು. ಅವರ ಪ್ರಬಂಧದಲ್ಲಿ ಬರುವ ಬ್ಲೂಟೂತ್ ಡ್ರೈವರಿನ ಉದಾಹರಣೆ ಈ ವಿದ್ಯೆ ಕಲಿಯುವವರಿಗೆಲ್ಲ ಪಾಠವಾಗಿಬಿಟ್ಟಿದೆ. ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ಡ್ರೈವರಿನಲ್ಲಿ ಎರಡು ಗುರುತುಗಳಿವೆ. ಒಂದು, ‘ನಿಲ್ಲಿಸುತ್ತಿದ್ದೇವೆ’ ಎಂಬ ಬಾವುಟ. ಇನ್ನೊಂದು, ಬಾಕಿ ಇರುವ ಕೆಲಸಗಳ ಎಣಿಕೆ. ಅದು ಒಂದರಿಂದ ಶುರುವಾಗುತ್ತದೆ. ಹೊಸ ಕೆಲಸ ಬಂದರೆ ಡ್ರೈವರ್ ಮೊದಲು ಬಾವುಟ ನೋಡುತ್ತದೆ, ಏರಿಲ್ಲದಿದ್ದರೆ ಎಣಿಕೆಯನ್ನು ಒಂದು ಹೆಚ್ಚಿಸಿ ಕೆಲಸಕ್ಕೆ ತೊಡಗುತ್ತದೆ. ನಿಲ್ಲಿಸುವವನು ಬಾವುಟ ಏರಿಸಿ, ಎಣಿಕೆಯನ್ನು ಒಂದು ಕಡಿಮೆ ಮಾಡಿ, ಅದು ಸೊನ್ನೆಯಾಗುವ ತನಕ ಕಾಯುತ್ತಾನೆ. ಆಮೇಲೆ ಎಲ್ಲವನ್ನೂ ತೆರವು ಮಾಡುತ್ತಾನೆ. ಓದಿದರೆ ಎಲ್ಲೂ ತಪ್ಪು ಕಾಣುವುದಿಲ್ಲ. ತಪ್ಪಿರುವುದು ನೋಡುವುದಕ್ಕೂ ಹೆಚ್ಚಿಸುವುದಕ್ಕೂ ನಡುವಿನ ಒಂದು ಕೂದಲೆಳೆಯಲ್ಲಿ. ಕೆಲಸದವನು ಬಾವುಟ ನೋಡಿದ, ಏರಿಲ್ಲ. ಅವನು ಎಣಿಕೆ ಹೆಚ್ಚಿಸುವ ಮೊದಲೇ ನಿಲ್ಲಿಸುವವನು ಬಂದು ಬಾವುಟ ಏರಿಸಿದ, ಎಣಿಕೆ ಸೊನ್ನೆಗೆ ಇಳಿಯಿತು, ಎಲ್ಲ ತೆರವಾಯಿತು. ಕೆಲಸದವನು ಈಗ ಎಣಿಕೆ ಹೆಚ್ಚಿಸಿ, ಇಲ್ಲದ ಮೆಮೊರಿಯ ಮೇಲೆ ಕೈಯಿಡುತ್ತಾನೆ. ದುರಸ್ತಿ ಎಂದರೆ ಕ್ರಮ ಬದಲಿಸುವುದು: ಮೊದಲು ಎಣಿಕೆ ಹೆಚ್ಚಿಸು, ಆಮೇಲೆ ಬಾವುಟ ನೋಡು, ಏರಿದ್ದರೆ ಎಣಿಕೆ ಇಳಿಸಿ ಹಿಂದಿರುಗು. ಹೀಗೆ ತಿದ್ದಿದ ಆವೃತ್ತಿಯಲ್ಲೂ ಮುಂದೆ ಬೇರೆ ಸಂಶೋಧಕರು ಇನ್ನೊಂದು ದೋಷ ಹಿಡಿದರು. ಪರಿಣತರು ಕೂತು ನೋಡಿದ ಹತ್ತಿಪ್ಪತ್ತು ಸಾಲಿನ ಕೋಡಿನ ಕತೆ ಇದು.

ಮೈಕ್ರೋಸಾಫ್ಟ್ ರಿಸರ್ಚ್‌ನ ಬೆಂಗಳೂರು ಪ್ರಯೋಗಾಲಯದ ಆಕಾಶ್ ಲಾಲ್ ಈ ಮಾರ್ಪಾಡಿನ ವಿಧಾನವನ್ನು ಬಹಳ ಮುಂದಕ್ಕೆ ಒಯ್ದವರು. ಅವರೂ ಖದೀರರೂ ಸೇರಿ ಕಟ್ಟಿದ ‘ಕೊರಾಲ್’ ಆಮೇಲೆ ಡ್ರೈವರ್ ವೆರಿಫೈಯರಿನ ಎಂಜಿನ್ ಆಯಿತು. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಲ್ಲವಿ ಮಯ್ಯ, ಆದಿತ್ಯ ಕಾನಡೆ ಮತ್ತು ಜರ್ಮನಿಯ ರೂಪಕ್ ಮಜುಂದಾರ್ ಆಂಡ್ರಾಯ್ಡ್ ಆ್ಯಪ್‌ಗಳ ರೇಸ್ ಪತ್ತೆಗೆ ಮಾಡಿದ ‘ಡ್ರಾಯ್ಡ್‌ರೇಸರ್’ 2014ರಲ್ಲಿ ಪ್ರಕಟವಾಯಿತು. ಚಿಕ್ಕ ಸಾಧನಗಳ ಫ್ರೀಆರ್‌ಟಿಓಎಸ್ ಕರ್ನಲ್ಲಿನಲ್ಲಿ ರೇಸ್ ಹುಡುಕುವ ಕೆಲಸ ದೀಪಕ್ ಡಿಸೋಜ ಅವರ ತಂಡದಿಂದ ಬಂತು.

ಲಿನಕ್ಸ್ ಕಡೆ ಗಣಿತಕ್ಕಿಂತ ಕಾವಲು ಹೆಚ್ಚು ಫಲ ಕೊಟ್ಟಿತು. 2006ರ 2.6.18ರಲ್ಲಿ ಬಂದ ‘ಲಾಕ್‌ಡೆಪ್’ ಬೀಗಗಳನ್ನು ಹಾಕುವ ಕ್ರಮವನ್ನು ನೆನಪಿಟ್ಟುಕೊಂಡು, ಮುಂದೆಂದೋ ಇಬ್ಬರು ಒಬ್ಬರಿಗೊಬ್ಬರು ಕಾಯುತ್ತ ಕೂರುವ ಸಾಧ್ಯತೆಯನ್ನು ಮೊದಲೇ ಹೇಳುತ್ತದೆ. 2015ರ 4.0ರಲ್ಲಿ ಬಂದ ‘ಕಾಸಾನ್’ ಬಿಟ್ಟುಕೊಟ್ಟ ಮೆಮೊರಿಗೆ ಗುರುತು ಹಚ್ಚಿ, ಯಾರಾದರೂ ಮುಟ್ಟಿದರೆ ಕೂಡಲೇ ಕೂಗುತ್ತದೆ. ಯಾರು ಪಡೆದರು, ಯಾರು ಬಿಟ್ಟರು, ಈಗ ಯಾರು ಮುಟ್ಟಿದರು ಎಂಬ ಮೂರೂ ದಾರಿಗಳನ್ನು ಅಚ್ಚುಹಾಕುತ್ತದೆ. ಗೂಗಲ್‌ನ ದಿಮಿತ್ರಿ ವ್ಯೂಕೊವ್ ಶುರುಮಾಡಿದ ‘ಸಿಜ್‌ಕಾಲರ್’ ಕರ್ನಲ್ಲಿಗೆ ಎಡೆಬಿಡದೆ ಅಡ್ಡಾದಿಡ್ಡಿ ಕರೆಗಳನ್ನು ಕೊಡುತ್ತ ಬೀಳಿಸಲು ನೋಡುತ್ತದೆ. ಇವು ಮೂರೂ ಸೇರಿದ ಮೇಲೆ ಮೂಲೆಯಲ್ಲಿದ್ದ ಡ್ರೈವರುಗಳು ಒಂದೊಂದಾಗಿ ಬೆಳಕಿಗೆ ಬಂದವು. 2017ರ ಮಾರ್ಚಿನಲ್ಲಿ ಅಲೆಕ್ಸಾಂಡರ್ ಪೊಪೊವ್ ಬಯಲಿಗೆಳೆದ ಎಚ್‌ಡಿಎಲ್‌ಸಿ ಡ್ರೈವರಿನ ದೋಷ ಅಂಥದ್ದು: ಕಳುಹಿಸುವವನೂ ಸರತಿ ಖಾಲಿ ಮಾಡುವವನೂ ಒಂದೇ ಬಫರನ್ನು ಎರಡು ಸಲ ಬಿಡುವಿನ ಪಟ್ಟಿಗೆ ಸೇರಿಸುತ್ತಿದ್ದರು. 2009ರಿಂದ ಅದು ಅಲ್ಲೇ ಇತ್ತು. ಸಾಮಾನ್ಯ ಬಳಕೆದಾರನೊಬ್ಬ ಅದನ್ನು ಹಿಡಿದು ಯಂತ್ರದ ಯಜಮಾನನಾಗಬಹುದಿತ್ತು.

ಮಲೆನಾಡಿನ ಡಾಂಗಲಿಗೆ ಇನ್ನೂ ಹತ್ತಿರದ್ದು ಆಂದ್ರೇ ಕೊನೊವಲೋವ್ ಅವರ ಕೆಲಸ. ಅವರು ಸಿಜ್‌ಕಾಲರಿಗೆ ಯುಎಸ್‌ಬಿ ಸಾಧನಗಳನ್ನು ನಟಿಸುವುದನ್ನು ಕಲಿಸಿದರು. ನಿಜವಾದ ವೈರಿಲ್ಲದೆ, ಕಾಲ್ಪನಿಕ ಡಾಂಗಲನ್ನು ಸಿಕ್ಕಿಸಿ, ಅರ್ಧ ಮಾತಾಡಿಸಿ, ಕಿತ್ತು, ಮತ್ತೆ ಸಿಕ್ಕಿಸುವುದು. 2017ರಲ್ಲಿ ಹೀಗೆ ಸಿಕ್ಕ ದೋಷಗಳ ಉದ್ದ ಪಟ್ಟಿಯನ್ನೇ ಅವರು ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಯಾರೂ ಮಾಡದೆ ಬಿಟ್ಟಿದ್ದನ್ನು, ಗುಡುಗು ಕೇಳಿದೊಡನೆ ವೈರು ಕೀಳುವ ಮನೆಗಳಲ್ಲಿ ದಿನಾ ನಡೆಯುತ್ತಿದ್ದುದನ್ನು, ಈಗ ಯಂತ್ರವೇ ಮಾಡತೊಡಗಿತು.

ದೋಷ ಸಿಕ್ಕ ಮೇಲೆ ತಿದ್ದುವುದು ಹೇಗೆ? ಎಷ್ಟೋ ಸಲ ಸಾಲುಗಳ ಜಾಗ ಬದಲಿಸಿದರೆ ಸಾಕು. ಹ್ಯಾಮ್ ರೇಡಿಯೋದವರು ಬಳಸುವ ‘6ಪ್ಯಾಕ್’ ಡ್ರೈವರ್ ಮುಚ್ಚುವಾಗ, ಪ್ಯಾಕೆಟ್ ಕಟ್ಟಲು ಬಳಸುವ ಬಫರುಗಳನ್ನು ಮೊದಲು ಬಿಟ್ಟುಕೊಟ್ಟು, ಆಮೇಲೆ ಸಾಧನವನ್ನು ನೋಂದಣಿಯಿಂದ ತೆಗೆಯುತ್ತಿತ್ತು. ನೋಂದಣಿಯಲ್ಲಿರುವ ತನಕ ಕರ್ನಲ್ ಅದಕ್ಕೆ ಪ್ಯಾಕೆಟ್ ಕೊಡುತ್ತಲೇ ಇರುತ್ತದೆ. ಆ ಕ್ಷಣದಲ್ಲಿ ಕೊಟ್ಟ ಪ್ಯಾಕೆಟ್ ಸತ್ತ ಬಫರಿಗೆ ಹೋಗಿ ಬೀಳುತ್ತಿತ್ತು. 2021ರಲ್ಲಿ ಲಿನ್ ಮಾ ಕಳುಹಿಸಿದ ಪ್ಯಾಚ್ ಬಿಟ್ಟುಕೊಡುವ ಸಾಲುಗಳನ್ನು ನೋಂದಣಿ ತೆಗೆಯುವ ಸಾಲಿನ ಕೆಳಗೆ ಇಟ್ಟಿತು, ಅಷ್ಟೆ. ಡಿಎಂಎ ಇರುವ ಕಾರ್ಡುಗಳಲ್ಲೂ ಇದೇ ನಿಯಮ: ಮೊದಲು ಹೊಸ ಕೆಲಸ ಬರುವುದನ್ನು ನಿಲ್ಲಿಸು, ಆಮೇಲೆ ಕಾರ್ಡ್ ಬರೆಯುವುದನ್ನು ನಿಲ್ಲಿಸು, ಆಮೇಲೆ ಇಂಟರಪ್ಟ್, ವಿಚಾರಣೆ, ಟೈಮರ್ ಎಲ್ಲ ಮುಗಿಯುವವರೆಗೆ ಕಾಯಿ, ಕೊನೆಗೆ ಮೆಮೊರಿ ಬಿಡು. ಈ ಕ್ರಮ ತಪ್ಪಿದರೆ ಕಾರ್ಡ್ ತಡವಾಗಿ ಬಂದ ಪ್ಯಾಕೆಟನ್ನು ಬೇರೆ ಯಾರದೋ ಮೆಮೊರಿಯ ಮೇಲೆ ಬರೆದುಬಿಡುತ್ತದೆ, ಆ ತಪ್ಪು ಕಾಸಾನ್ ಕಣ್ಣಿಗೂ ಬೀಳುವುದಿಲ್ಲ. ಬರೆದದ್ದು ಪ್ರೊಸೆಸರ್ ಅಲ್ಲವಲ್ಲ.

ಕ್ರಮ ಹಾಕಲು ಬಾರದ ಸಂದರ್ಭಗಳೂ ಉಂಟು. ಯುಎಸ್‌ಬಿ ನೆಟ್‌ವರ್ಕ್ ಸಾಧನಗಳ ಹಲವು ಡ್ರೈವರುಗಳಿಗೆ ಆಧಾರವಾದ ‘ಯುಎಸ್‌ಬಿನೆಟ್’ನಲ್ಲಿ ಆಮೇಲೆ ಮಾಡಲೆಂದು ವರ್ಕ್ ಕ್ಯೂಗೆ ಹಾಕಿದ ಕೆಲಸ ಯುಎಸ್‌ಬಿ ಕೋರಿಕೆಯನ್ನು ಕಳುಹಿಸಬಹುದು; ಆ ಕೋರಿಕೆ ಮುಗಿದಾಗ ಮತ್ತೆ ಅದೇ ಕೆಲಸವನ್ನು ಎಬ್ಬಿಸಬಹುದು. ಕೆಲಸವನ್ನು ಮೊದಲು ರದ್ದು ಮಾಡಿದರೆ ಕೋರಿಕೆ ಅದನ್ನು ಎಬ್ಬಿಸುತ್ತದೆ, ಕೋರಿಕೆಯನ್ನು ಮೊದಲು ರದ್ದು ಮಾಡಿದರೆ ಕೆಲಸ ಹೊಸ ಕೋರಿಕೆ ಕಳುಹಿಸುತ್ತದೆ. 2024ರಲ್ಲಿ ಆಲಿವರ್ ನ್ಯೂಕುಮ್ ಇದನ್ನು ತಿದ್ದಿದ್ದು ‘ಸಾಧನ ಹೋಗುತ್ತಿದೆ’ ಎಂಬ ಬಾವುಟವೊಂದನ್ನು ಇಟ್ಟು, ಇಬ್ಬರೂ ಎಬ್ಬಿಸುವ ಮೊದಲು ಅದನ್ನು ನೋಡುವಂತೆ ಮಾಡಿ. ಈ ತಪ್ಪು ಡ್ರೈವರಿನಷ್ಟೇ ಹಳೆಯದು ಎಂದು ಅವರೇ ಬರೆದಿದ್ದಾರೆ. ಡಾಂಗಲ್ ಯುಗ ಹುಟ್ಟಿ, ಬೆಳೆದು, ಮುಗಿದ ಮೇಲೆ ಬಂದ ದುರಸ್ತಿ ಅದು. ಟೈಮರುಗಳದ್ದೂ ಇದೇ ಗೋಳಾಗಿತ್ತು: ನಿಲ್ಲಿಸಿದ ಟೈಮರನ್ನು ಬೇರೆಯವರು ಮತ್ತೆ ಹೂಡಿಬಿಡುತ್ತಿದ್ದರು. ಒಮ್ಮೆ ಮುಚ್ಚಿದರೆ ಮತ್ತೆ ಹೂಡಲು ಬಾರದಂಥ ಕರೆಯನ್ನು ಸ್ಟೀವನ್ ರೋಸ್ಟೆಟ್ ಮತ್ತು ಥಾಮಸ್ ಗ್ಲೈಕ್ಸ್‌ನರ್ ಪ್ರಯತ್ನದಿಂದ ಸೇರಿಸಿದ್ದು 2023ರ 6.2ರಲ್ಲಿ.

ದುರಸ್ತಿಯೇ ಹೊಸ ರೋಗ ತಂದ ಉದಾಹರಣೆಗಳಿಗೂ ಬರವಿಲ್ಲ. ನೆಟ್‌ವರ್ಕ್ ಸಾಧನಗಳ ಏರ್ಪಾಡನ್ನು ಬದಲಿಸುವವರೆಲ್ಲ ‘ಆರ್‌ಟಿಎನ್‌ಎಲ್’ ಎಂಬ ಒಂದು ದೊಡ್ಡ ಬೀಗ ಹಿಡಿಯಬೇಕು. ಡ್ರೈವರ್ ಮುಚ್ಚುವ ಕರೆ ಬರುವಾಗ ಆ ಬೀಗ ಹಿಡಿದೇ ಇರುತ್ತದೆ. ರೇಸ್ ತಪ್ಪಿಸಲೆಂದು ಡ್ರೈವರ್ ಅಲ್ಲಿ ‘ಬಾಕಿ ಕೆಲಸ ಮುಗಿಯುವವರೆಗೆ ಕಾಯುತ್ತೇನೆ’ ಎನ್ನುತ್ತದೆ. ಆ ಬಾಕಿ ಕೆಲಸವೋ ಅದೇ ಬೀಗಕ್ಕಾಗಿ ಕಾಯುತ್ತ ನಿಂತಿರುತ್ತದೆ. ಇಬ್ಬರೂ ಶಾಶ್ವತವಾಗಿ ನಿಲ್ಲುತ್ತಾರೆ, ಯಂತ್ರದ ನೆಟ್‌ವರ್ಕ್ ಪೂರ್ತಿ ಹೆಪ್ಪುಗಟ್ಟುತ್ತದೆ. ಈ ಒಂದು ಮಾದರಿಯ ತಪ್ಪನ್ನು ಬೇರೆ ಬೇರೆ ಕಂಪನಿಗಳ ಡ್ರೈವರುಗಳಲ್ಲಿ ಎಷ್ಟು ಸಲ ತಿದ್ದಲಾಗಿದೆಯೋ ಲೆಕ್ಕವಿಲ್ಲ. ಪ್ರತಿ ಸಾಧನಕ್ಕೂ ಅದರದೇ ಬೀಗ ಕೊಟ್ಟು ಆರ್‌ಟಿಎನ್‌ಎಲ್ ಭಾರ ಇಳಿಸುವ ಕೆಲಸ 2025ರ 6.15ರಲ್ಲಿ ಒಂದು ಘಟ್ಟ ಮುಟ್ಟಿತು.

ಇಂಥ ತಪ್ಪುಗಳನ್ನು ಬರೆಯುವಾಗಲೇ ತಡೆಯಬಹುದೇ ಎಂಬ ಪ್ರಶ್ನೆಗೆ ಈಗಿನ ಉತ್ತರ ರಸ್ಟ್ ಭಾಷೆ. ಬಿಟ್ಟುಕೊಟ್ಟ ಮೆಮೊರಿಯ ವಿಳಾಸವನ್ನು ಹಿಡಿದಿಟ್ಟುಕೊಳ್ಳುವ ಕೋಡನ್ನು ಅದರ ಕಂಪೈಲರ್ ಸಾಮಾನ್ಯವಾಗಿ ಒಪ್ಪುವುದಿಲ್ಲ. 2022ರ ಡಿಸೆಂಬರಿನ 6.1ರಲ್ಲಿ ರಸ್ಟ್ ಕರ್ನಲ್ಲಿನ ಹೊಸ್ತಿಲು ದಾಟಿತು; 2024ರ ಮಾರ್ಚಿನ 6.8ರಲ್ಲಿ ಈಥರ್ನೆಟ್ ಕೇಬಲ್ ತುದಿಯ ಅಸಿಕ್ಸ್ ಪಿಎಚ್‌ವೈ ಚಿಪ್‌ನ ಡ್ರೈವರ್, ಫುಜಿತಾ ಟೊಮೊನೊರಿ ಬರೆದದ್ದು, ಆ ಭಾಷೆಯಲ್ಲಿ ಬಂತು. ಚಿಕ್ಕ ಡ್ರೈವರ್ ಅದು, ಸಿ ಭಾಷೆಯಲ್ಲಿ ಈಗಾಗಲೇ ಇದ್ದದ್ದು. ಕಾರ್ಡ್ ತಾನಾಗಿ ಮಾಡುವ ಡಿಎಂಎ ಮೇಲೆ ಯಾವ ಭಾಷೆಯ ಕಂಪೈಲರಿಗೂ ಹಿಡಿತವಿಲ್ಲ, ಮತ್ತು ಸಿ ಭಾಷೆಯ ಸಾವಿರಾರು ಡ್ರೈವರುಗಳನ್ನು ಯಾರೂ ಮರುಬರೆಯಲು ಹೊರಟಿಲ್ಲ.

ತಿದ್ದಿದ ಕೋಡ್ ಊರು ತಲುಪುವ ದಾರಿ ಬೇರೆಯೇ ಇದೆ. ಪ್ಯಾಚ್ ಮೊದಲು ಮುಖ್ಯ ಕರ್ನಲ್ಲಿಗೆ ಸೇರುತ್ತದೆ, ಅಲ್ಲಿಂದ ದೀರ್ಘಾವಧಿಯ ಆವೃತ್ತಿಗಳಿಗೆ ಇಳಿಯುತ್ತದೆ, ಅಲ್ಲಿಂದ ಚಿಪ್ ಕಂಪನಿಯ ಕೈಗೆ, ಆಮೇಲೆ ಫೋನ್ ಅಥವಾ ರೂಟರ್ ಮಾಡುವವರ ಕೈಗೆ. ಲ್ಯಾಪ್‌ಟಾಪಿಗೆ ಕೆಲವು ವಾರಗಳಲ್ಲಿ ಬರುವುದು ಅಗ್ಗದ ರೂಟರಿಗೆ ಬರುವುದೇ ಇಲ್ಲ. ಬಹಳ ಜನಪ್ರಿಯವಾದ ಒಂದು ಬಗೆಯ ರೂಟರ್ ಚಿಪ್‌ನೊಂದಿಗೆ ಕಂಪನಿ ಕೊಟ್ಟ ಕರ್ನಲ್ 2010ರ ಅಕ್ಟೋಬರಿನ 2.6.36, ಆ ಚಿಪ್ ಇರುವ ಪೆಟ್ಟಿಗೆಗಳು ಎಷ್ಟೋ ವರ್ಷ ಅದೇ ಕರ್ನಲ್ ಹೊತ್ತು ಮಾರಾಟವಾದವು. ಕಾಸಾನ್ ಬರುವುದಕ್ಕೂ, ಬಿಗ್ ಕರ್ನಲ್ ಲಾಕ್ ಹೋಗುವುದಕ್ಕೂ ಮುಂಚಿನ ಕೋಡ್ ಅದು. ಅಂಥ ಪೆಟ್ಟಿಗೆ ನಿಂತುಹೋದರೆ ಮನೆಯವರು ಅಡಾಪ್ಟರ್ ಕಿತ್ತು ಮತ್ತೆ ಸಿಕ್ಕಿಸುತ್ತಾರೆ, ಅದು ಮತ್ತೆ ಓಡುತ್ತದೆ. ಕರೆಂಟ್ ಹೋಗಿ ನಿಂತದ್ದೋ, ಸಿಗ್ನಲ್ ಇಲ್ಲದೆ ನಿಂತದ್ದೋ, ರೇಸ್‌ಗೆ ಸಿಕ್ಕಿ ನಿಂತದ್ದೋ ಎಂಬ ದಾಖಲೆ ಎಲ್ಲೂ ಉಳಿಯುವುದಿಲ್ಲ.